ಔಷಧಿಯ ಕಪಾಟಿಗೆ ಬೀಗ ಬೇಡ: ಆಹಾರ ಅಲರ್ಜಿ ಇರುವ ಮಗುವನ್ನು ಶಾಲೆಗೆ ಕಳಿಸುವುದು ಹೇಗೆ?

ನನ್ನ ಮಗಳಿಗೆ ಗೋಡಂಬಿ ಆಗುವುದಿಲ್ಲ. ಶಾಲೆಗೆ ಸೇರಿಸುವಾಗಲೇ ಅರ್ಜಿಯಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೆ. ಔಷಧಿಯನ್ನು ಕಚೇರಿಗೆ ಒಪ್ಪಿಸಿದ್ದೆ. ತರಗತಿಯ ಟೀಚರ್‌ಗೆ ಎರಡು ಸಲ ಬಿಡಿಸಿ ಹೇಳಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಗೆಳತಿಯೊಬ್ಬಳು ಹುಟ್ಟುಹಬ್ಬಕ್ಕೆಂದು ಹಂಚಿದ ಬಿಸ್ಕತ್ತು ತಿಂದು ಅವಳ ತುಟಿ ಊದಿಕೊಂಡಿತು. ಅಂದು ತರಗತಿಯ ಟೀಚರ್ ರಜೆಯಲ್ಲಿದ್ದರು. ಬದಲಿಗೆ ಬಂದವರಿಗೆ ವಿಷಯವೇ ಗೊತ್ತಿರಲಿಲ್ಲ. ಔಷಧಿ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ ಹಾಕಿತ್ತು, ಬೀಗದ ಕೈ ಊಟಕ್ಕೆ ಹೊರಗೆ ಹೋಗಿದ್ದ ಗುಮಾಸ್ತರ ಜೇಬಿನಲ್ಲಿತ್ತು. ಅವರು ನನಗೆ ಫೋನ್ ಮಾಡಿದಾಗ ನಾನು 40 ನಿಮಿಷಗಳ ದೂರದಲ್ಲಿದ್ದೆ.

ಅದೃಷ್ಟಕ್ಕೆ ಆ ದಿನದ ತೊಂದರೆ ತುಟಿಯ ಊತ ಮತ್ತು ಮೈಮೇಲಿನ ದದ್ದಿಗೇ ನಿಂತಿತು. ಸಂಜೆ ಮಗಳು ಆಡುತ್ತಿದ್ದಳು. ನಾನು ಮಾತ್ರ ಆ ಬೀಗದ ಕೈಯನ್ನು ಇಂದಿಗೂ ಮರೆತಿಲ್ಲ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲವನ್ನೂ ಬಲ್ಲ ಒಬ್ಬರು ಸದಾ ಹತ್ತಿರದಲ್ಲಿರುತ್ತಾರೆ ಎಂದು ನಂಬಿ ನಾನು ಏರ್ಪಾಡು ಮಾಡಿದ್ದೆ. ವಿಷಯ ಬಲ್ಲವರು ಯಾರೂ ಇಲ್ಲದ ಐದು ನಿಮಿಷಕ್ಕೆ ಏರ್ಪಾಡು ಮಾಡಬೇಕಿತ್ತು. ಈ ಬರಹದ ಪ್ರತಿಯೊಂದು ಹೆಜ್ಜೆಯೂ ಆ ಐದು ನಿಮಿಷವನ್ನು ಕಣ್ಣ ಮುಂದಿಟ್ಟುಕೊಂಡದ್ದು.

ಹೆಜ್ಜೆ 1: ‘ಆಗಿಬರುವುದಿಲ್ಲ’ ಎಂದರೆ ಏನೆಂದು ಖಚಿತಪಡಿಸಿಕೊಳ್ಳಿ

‘ಆಗಿಬರುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಒಂದು ಬಗೆ. ಅದು ಸಂಕಟ ಕೊಡುತ್ತದೆ, ಪ್ರಾಣಕ್ಕೆ ಎರವಾಗುವುದಿಲ್ಲ. ಹಾಲಿನ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಶತ್ರುವೆಂದು ಬಗೆದು ಮೇಲೆರಗುವುದು ಇನ್ನೊಂದು ಬಗೆ. ಅಲರ್ಜಿ ಎಂದರೆ ಈ ಎರಡನೆಯದು. ಇದರಲ್ಲಿ ಚಿಟಿಕೆಯಷ್ಟು ಆಹಾರವೂ ಅಪಾಯ ತರಬಲ್ಲದು.

ಈ ಸ್ವಭಾವವನ್ನು ವಿಜ್ಞಾನ ಅರಿತದ್ದು ಕಳೆದ ಶತಮಾನದ ಆರಂಭದಲ್ಲಿ. ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾಗ, ಮೊದಲ ಸಲ ತಾಳಿಕೊಂಡಿದ್ದ ನಾಯಿ ಕೆಲವು ವಾರಗಳ ಬಳಿಕ ಕೊಟ್ಟ ಅತಿ ಸಣ್ಣ ಪ್ರಮಾಣಕ್ಕೆ ನಿಮಿಷಗಳಲ್ಲಿ ಕುಸಿದುಬಿದ್ದಿತು. 1902ರಲ್ಲಿ ಅವರು ಇದನ್ನು ‘ಅನಾಫಿಲ್ಯಾಕ್ಸಿಸ್’ ಎಂದು ಕರೆದರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಈ ಹಳೆಯ ಕಥೆಯನ್ನು ಹೇಳಲು ಕಾರಣವಿದೆ. ‘ಹೋದ ಸಲ ಬರೀ ದದ್ದು ಬಂದಿತ್ತು, ಅಷ್ಟೇ’ ಎಂದು ಸಮಾಧಾನಪಟ್ಟುಕೊಳ್ಳುವ ತಂದೆ ತಾಯಂದಿರು ಬಹಳ ಮಂದಿ. ಹೋದ ಸಲದ ಪ್ರತಿಕ್ರಿಯೆ ಬರುವ ಸಲದ್ದನ್ನು ಹೇಳುವುದಿಲ್ಲ.

ಹಾಗಾಗಿ ಅಲರ್ಜಿ ತಜ್ಞರನ್ನು ಅಥವಾ ಮಕ್ಕಳ ವೈದ್ಯರನ್ನು ಕಾಣಿ. ಒಂದು ಎಚ್ಚರಿಕೆ: ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ‘ಪಾಸಿಟಿವ್’ ಎಂದ ಮಾತ್ರಕ್ಕೆ ಅದು ಅಲರ್ಜಿಯೆಂದು ತೀರ್ಮಾನವಾಗುವುದಿಲ್ಲ. ತಿಂದಾಗ ನಿಜವಾಗಿ ಏನಾಯಿತು ಎಂಬ ವಿವರದೊಂದಿಗೆ ವೈದ್ಯರು ಅದನ್ನು ತಾಳೆ ನೋಡಬೇಕು. ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ, ಅವರ ಕಣ್ಣೆದುರೇ, ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಮಾಡಲೇಬೇಡಿ. ಹದಿನೈದು ಪದಾರ್ಥಗಳ ಉದ್ದ ಪಟ್ಟಿಯನ್ನು ಶಾಲೆಗೆ ಕೊಟ್ಟರೆ ಯಾರಿಗೂ ನೆನಪಿರುವುದಿಲ್ಲ. ಖಚಿತವಾದ ಎರಡು ಹೆಸರುಗಳಿದ್ದರೆ ಅಡುಗೆಯವರಿಂದ ಹಿಡಿದು ಆಟದ ಮೇಷ್ಟರವರೆಗೆ ಎಲ್ಲರಿಗೂ ನೆನಪಿರುತ್ತದೆ.

ಹೆಜ್ಜೆ 2: ಒಂದೇ ಹಾಳೆಯ ಯೋಜನೆ ಬರೆಸಿಕೊಳ್ಳಿ

ಬಾಯಿಮಾತಿಗೆ ಬಾಳಿಕೆ ಇಲ್ಲ. ವೈದ್ಯರ ಸಹಿ ಇರುವ ತುರ್ತು ಯೋಜನೆಯೊಂದು ಬೇಕು, ಅದೂ ಒಂದೇ ಹಾಳೆಯಲ್ಲಿ. ಮಗುವಿನ ಭಾವಚಿತ್ರ, ತರಗತಿ, ಆಗದ ಪದಾರ್ಥ, ಉಬ್ಬಸ ಇದೆಯೇ ಎಂಬುದು, ಸಣ್ಣ ಪ್ರತಿಕ್ರಿಯೆಯ ಲಕ್ಷಣಗಳು, ಗಂಭೀರ ಪ್ರತಿಕ್ರಿಯೆಯ ಲಕ್ಷಣಗಳು, ಯಾವುದಕ್ಕೆ ಯಾವ ಔಷಧಿ, ಎಷ್ಟು, ಔಷಧಿ ಎಲ್ಲಿದೆ, ಆಂಬುಲೆನ್ಸ್ ಸಂಖ್ಯೆ, ಮನೆಯವರ ಎರಡು ಮೂರು ಫೋನ್ ಸಂಖ್ಯೆಗಳು. ಉಬ್ಬಸದ ವಿಷಯವನ್ನು ಖಂಡಿತ ಬಿಡಬೇಡಿ. ಹಿಡಿತದಲ್ಲಿರದ ಉಬ್ಬಸವಿರುವ ಮಕ್ಕಳಿಗೆ ಆಹಾರ ಅಲರ್ಜಿ ಹೆಚ್ಚು ಅಪಾಯಕಾರಿ.

ಹಾಳೆ ಸಿದ್ಧವಾದ ಮೇಲೆ, ಶಾಲೆಯ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಅದನ್ನು ಕೊಟ್ಟು ನೋಡಿ. ಅರ್ಧ ನಿಮಿಷದಲ್ಲಿ ‘ಈಗ ನಾನು ಇದನ್ನು ಮಾಡಬೇಕು’ ಎಂದು ಅವರಿಗೆ ಹೊಳೆಯದಿದ್ದರೆ ತಿದ್ದಿ ಬರೆಸಿ. ಬದಲಿ ಟೀಚರ್ ಓದುವುದು ಅದನ್ನೇ. ಪ್ರತಿಗಳು ತರಗತಿಯ ಹಾಜರಿ ಪುಸ್ತಕದಲ್ಲಿ, ಔಷಧಿಯ ಚೀಲದಲ್ಲಿ, ಅಡುಗೆಮನೆಯಲ್ಲಿ, ಶಾಲಾ ವಾಹನದಲ್ಲಿ ಇರಲಿ. ಬದಲಿ ಶಿಕ್ಷಕರು ಕೈಗೆತ್ತಿಕೊಳ್ಳುವುದು ಹಾಜರಿ ಪುಸ್ತಕವನ್ನೇ. ಆದ್ದರಿಂದ ಅದರೊಳಗಿನ ಪ್ರತಿಗೆ ಬೆಲೆ ಹೆಚ್ಚು.

ಶಾಲೆಯವರು ಹಿಂಜರಿದರೆ, ಇದು ಅತಿಯಾದ ಬೇಡಿಕೆಯೇನೂ ಅಲ್ಲವೆಂದು ವಿನಯದಿಂದ ತಿಳಿಸಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 13 ವರ್ಷದ ವಿದ್ಯಾರ್ಥಿನಿಯೊಬ್ಬಳು ಶಾಲೆಯಲ್ಲಿ ತಿಂದ ಆಹಾರದಿಂದ ಅನಾಫಿಲ್ಯಾಕ್ಸಿಸ್ ಆಗಿ 2003ರಲ್ಲಿ ತೀರಿಕೊಂಡಳು. 2005ರಲ್ಲಿ ಅಲ್ಲಿನ ಶಾಸನಸಭೆ ಅವಳ ಹೆಸರಿನಲ್ಲೇ ‘ಸಬ್ರೀನಾ ಕಾನೂನು’ ತಂದಿತು. ಅಪಾಯವಿರುವ ಪ್ರತಿ ಮಗುವಿಗೂ ಪ್ರತ್ಯೇಕ ಯೋಜನೆ ಮತ್ತು ಸಿಬ್ಬಂದಿಗೆ ನಿಯತವಾದ ತರಬೇತಿ ಇರಲೇಬೇಕೆಂದು ಅದು ಹೇಳುತ್ತದೆ. ಕಾನೂನು ಇಲ್ಲದ ಕಡೆಯೂ ಈ ಎರಡನ್ನು ಯಾವ ಶಾಲೆಯಾದರೂ ಮಾಡಬಹುದು.

ಹೆಜ್ಜೆ 3: ಔಷಧಿ ಎಲ್ಲಿರಬೇಕು, ಯಾರ ಕೈಗೆ ಸಿಗಬೇಕು

ಗಂಭೀರ ಪ್ರತಿಕ್ರಿಯೆಗೆ ಮೊದಲ ಔಷಧಿ ಅಡ್ರಿನಲಿನ್. ಊದಿಕೊಂಡ ಶ್ವಾಸದ ದಾರಿಯನ್ನು ಅದು ತೆರೆಯುತ್ತದೆ, ಸಡಿಲಗೊಂಡ ರಕ್ತನಾಳಗಳನ್ನು ಬಿಗಿಗೊಳಿಸಿ ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತುತ್ತದೆ. ತುರಿಕೆಗೆ ಕೊಡುವ ಅಲರ್ಜಿ ಮಾತ್ರೆ ಅಥವಾ ಸಿರಪ್ ಈ ಕೆಲಸ ಮಾಡಲಾರದು. ಅದು ದದ್ದು, ತುರಿಕೆಗಳನ್ನಷ್ಟೇ ಇಳಿಸುತ್ತದೆ, ಅದೂ ನಿಧಾನವಾಗಿ. ‘ಮೊದಲು ಸಿರಪ್ ಕೊಟ್ಟು ನೋಡೋಣ’ ಎಂದು ಕಾಯುವುದರಲ್ಲೇ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಶಾಲೆಯವರಿಗೆ ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಪೆನ್ನಿನಾಕಾರದ, ಒತ್ತಿದೊಡನೆ ತಾನೇ ಚುಚ್ಚುವ ಆಟೋ ಇಂಜೆಕ್ಟರ್ ಸಿಗುವಲ್ಲಿ ವೈದ್ಯರು ಅದನ್ನೇ ಬರೆದುಕೊಡುತ್ತಾರೆ. ಸಾಮಾನ್ಯವಾಗಿ 0.15 ಮಿಲಿಗ್ರಾಂ ಪೆನ್ನು ಚಿಕ್ಕ ಮಕ್ಕಳಿಗೆ, 0.3 ಮಿಲಿಗ್ರಾಂನದು ದೊಡ್ಡ ಮಕ್ಕಳಿಗೆ. ಮಗು 25ರಿಂದ 30 ಕಿಲೋ ತೂಕ ಮುಟ್ಟುವ ಹೊತ್ತಿಗೆ ಬದಲಾವಣೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಪೆನ್ನು ಸಿಗದ ಕಡೆ ಸಿರಿಂಜಿನಲ್ಲಿ ಮೊದಲೇ ತುಂಬಿಟ್ಟ ಔಷಧಿಯನ್ನು ಕೆಲವು ವೈದ್ಯರು ಕೊಡುತ್ತಾರೆ. ಅದು ಬೇಗ ಕೆಡುತ್ತದೆ. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಅವರಿಂದಲೇ ಬರೆಸಿಕೊಳ್ಳಿ.

ಇನ್ನು ಇಡುವ ಜಾಗ. ಬೀಗ ಹಾಕಿದ ಕಪಾಟು ಬೇಡವೇ ಬೇಡ. ಚಿಕ್ಕ ಮಕ್ಕಳ ಕೈಗೆ ಎಟುಕದ, ದೊಡ್ಡವರೆಲ್ಲರಿಗೂ ಕಾಣುವ ಎತ್ತರದಲ್ಲಿ, ಬಣ್ಣದ ಚೀಲದಲ್ಲಿ, ಮಗು ಇರುವ ತರಗತಿಯಲ್ಲೇ ಇದ್ದರೆ ಒಳ್ಳೆಯದು. ಮಗು ಊಟದ ಕೋಣೆಗೆ, ಮೈದಾನಕ್ಕೆ ಹೋದಾಗ ಚೀಲವೂ ದೊಡ್ಡವರೊಬ್ಬರ ಹೆಗಲ ಮೇಲೆ ಜೊತೆಗೆ ಹೋಗಬೇಕು. ಚೀಲದಲ್ಲಿ ಎರಡು ಪೆನ್ನುಗಳಿರಲಿ, ಏಕೆಂದರೆ ಒಂದು ಡೋಸಿಗೆ ಸರಿಹೋಗದೆ ಇನ್ನೊಂದು ಬೇಕಾಗುವುದುಂಟು. ಅಡ್ರಿನಲಿನ್‌ಗೆ ಬಿಸಿಲೂ ಆಗದು, ಫ್ರಿಜ್ಜೂ ಆಗದು. ಕೋಣೆಯ ಸಾಮಾನ್ಯ ಉಷ್ಣತೆಯೇ ಸರಿ. ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಡಬಾರದು. ಪೆನ್ನಿನ ಕಿಟಕಿಯಲ್ಲಿ ಕಾಣುವ ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಅದರಲ್ಲಿ ಕಣಗಳು ಕಂಡರೆ ಬದಲಿಸಿ.

ಬಳಸುವುದನ್ನು ಒಬ್ಬರಿಗಲ್ಲ, ಕನಿಷ್ಠ ನಾಲ್ಕೈದು ಮಂದಿಗೆ ಕಲಿಸಿ. ಸೂಜಿ, ಔಷಧಿ ಯಾವುದೂ ಇಲ್ಲದ ಅಭ್ಯಾಸದ ಪೆನ್ನುಗಳು ಸಿಗುತ್ತವೆ. ಪ್ರತಿಯೊಬ್ಬರೂ ಅದನ್ನು ತಮ್ಮ ತೊಡೆಗೆ ಒತ್ತಿ ನೋಡಲಿ. ಕಂಪನಿಯಿಂದ ಕಂಪನಿಗೆ ಪೆನ್ನಿನ ರೀತಿ ಬೇರೆ, ಒತ್ತಿ ಹಿಡಿಯಬೇಕಾದ ಸೆಕೆಂಡುಗಳೂ ಬೇರೆ. ಅಭ್ಯಾಸ ನಿಮ್ಮ ಮಗುವಿನ ಚೀಲದಲ್ಲಿರುವ ಮಾದರಿಯಲ್ಲೇ ನಡೆಯಬೇಕು. ಗಾಬರಿಯಲ್ಲಿ ಪೆನ್ನನ್ನು ತಿರುವುಮುರುವಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡವರಿದ್ದಾರೆ. ಆದ್ದರಿಂದ ಎರಡು ತುದಿಗಳಲ್ಲಿ ಯಾವುದರ ಮೇಲೂ ಹೆಬ್ಬೆರಳು ಇಡದೆ, ಮುಷ್ಟಿಯಲ್ಲಿ ಹಿಡಿಯುವುದನ್ನು ಕಲಿಸಿ.

ಹೆಜ್ಜೆ 4: ಲಕ್ಷಣ ಗುರುತಿಸುವುದು, ತಡಮಾಡದೆ ಚುಚ್ಚುವುದು

ತೊಂದರೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ಶುರುವಾಗುತ್ತದೆ. ಪುಟ್ಟ ಮಕ್ಕಳು ‘ನನಗೆ ಅಲರ್ಜಿ ಆಗುತ್ತಿದೆ’ ಎಂದು ಹೇಳುವುದಿಲ್ಲ. ‘ನಾಲಿಗೆ ಚುಚ್ಚುತ್ತಿದೆ’, ‘ಬಾಯಿ ಉರಿಯುತ್ತಿದೆ’, ‘ಗಂಟಲಲ್ಲಿ ಏನೋ ಕೂತಿದೆ’ ಎನ್ನುತ್ತವೆ. ಕೆಲವು ಮಕ್ಕಳು ಏನನ್ನೂ ಹೇಳದೆ ನಾಲಿಗೆಯನ್ನು ಕೆರೆದುಕೊಳ್ಳುತ್ತವೆ, ಕಿವಿ ಉಜ್ಜಿಕೊಳ್ಳುತ್ತವೆ, ಇದ್ದಕ್ಕಿದ್ದಂತೆ ಮಂಕಾಗಿ ಟೀಚರ್‌ಗೆ ಅಂಟಿಕೊಂಡು ಕೂರುತ್ತವೆ. ನಿಮ್ಮ ಮಗು ಯಾವ ಮಾತು ಬಳಸುತ್ತದೆ ಎಂಬುದನ್ನು ಯೋಜನೆಯ ಹಾಳೆಯಲ್ಲಿ ಬರೆದಿಡಿ. ಅದನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಬಲ್ಲವರಲ್ಲ.

ತುಟಿಯಲ್ಲಿ ಸ್ವಲ್ಪ ಊತ, ನಾಲ್ಕಾರು ದದ್ದು, ತುರಿಕೆ ಮಾತ್ರ ಇದ್ದರೆ ಯೋಜನೆಯಲ್ಲಿರುವಂತೆ ಔಷಧಿ ಕೊಟ್ಟು, ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಗಮನಿಸಬೇಕು. ಕೈ ತೊಳೆದುಕೊಂಡು ಬಾ ಎಂದು ಒಬ್ಬನನ್ನೇ ಕಳಿಸಿದರೆ ಅವನು ಅಲ್ಲೇ ಕುಸಿದು ಬೀಳಬಹುದು. ದನಿ ಒಡೆಯುವುದು, ಬಿಡದ ಕೆಮ್ಮು, ಉಸಿರಿನಲ್ಲಿ ಸೀಟಿಯಂಥ ಸದ್ದು, ನುಂಗಲು ಕಷ್ಟ, ನಾಲಿಗೆ ದಪ್ಪವಾಗುವುದು, ಮೈ ಬಿಳಿಚಿಕೊಂಡು ಜೋಲುಬೀಳುವುದು, ತಲೆಸುತ್ತು, ಪ್ರಜ್ಞೆ ಮಸುಕಾಗುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಅಡ್ರಿನಲಿನ್ ಕೊಡಬೇಕು. ದದ್ದಿನ ಜೊತೆಗೆ ಮತ್ತೆ ಮತ್ತೆ ವಾಂತಿಯಾಗುವುದೂ ಗಂಭೀರವೇ. ದದ್ದು ಒಂದೂ ಇಲ್ಲದೆ ನೇರವಾಗಿ ಉಸಿರೇ ಕಟ್ಟುವುದೂ ಉಂಟು. ‘ಮೈಮೇಲೆ ಏನೂ ಇಲ್ಲವಲ್ಲ’ ಎಂದು ಮೋಸಹೋಗಬಾರದು.

ಆಗ ಮಾಡಬೇಕಾದುದು ಹೀಗೆ. ಮಗು ಎಲ್ಲಿದೆಯೋ ಅಲ್ಲಿಗೇ ಔಷಧಿಯನ್ನು ತರಿಸಿ. ಕಚೇರಿಯವರೆಗೆ ಮಗುವನ್ನು ನಡೆಸಿಕೊಂಡು ಹೋಗುವುದು ದೊಡ್ಡ ತಪ್ಪು. ಎದ್ದು ನಿಂತಾಗ ರಕ್ತದೊತ್ತಡ ಇನ್ನಷ್ಟು ಕುಸಿದು ಹೃದಯವೇ ನಿಲ್ಲಬಹುದು. ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಿ. ವಾಂತಿಯಾಗುತ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಿಗೆ ಮಲಗಿಸಿ. ತೊಡೆಯ ಹೊರಭಾಗದ ನಡುಮಧ್ಯಕ್ಕೆ ಚುಚ್ಚಿ. ಪೆನ್ನಾದರೆ ಬಟ್ಟೆ ಬಿಚ್ಚುವ ಅಗತ್ಯವಿಲ್ಲ, ಜೇಬಿನಲ್ಲಿ ಏನಾದರೂ ಇದ್ದರೆ ಸರಿಸಿದರೆ ಸಾಕು. ಚುಚ್ಚಿದ ಸಮಯವನ್ನು ಬರೆದುಕೊಳ್ಳಿ. ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ, ಮನೆಯವರಿಗೆ ಆಮೇಲೆ. ಈ ಕ್ರಮವನ್ನು ತಾಯಿಯಾಗಿ ನಾನೇ ಹೇಳುತ್ತಿದ್ದೇನೆ: ನನ್ನ ಒಪ್ಪಿಗೆಗಾಗಿ ಯಾರೂ ಕಾಯುವುದು ಬೇಡ. ಆ ಒಪ್ಪಿಗೆಯನ್ನು ವರ್ಷದ ಆರಂಭದಲ್ಲೇ ಸಹಿ ಮಾಡಿ ಕೊಟ್ಟಿರಬೇಕು.

ಐದು ನಿಮಿಷವಾದರೂ ಸುಧಾರಿಸದಿದ್ದರೆ, ಯೋಜನೆಯಲ್ಲಿ ಬರೆದಿರುವಂತೆ ಎರಡನೆಯ ಡೋಸ್ ಕೊಡಬೇಕಾಗುತ್ತದೆ. ಉಬ್ಬಸವಿರುವ ಮಗು ಉಸಿರಿಗೆ ಒದ್ದಾಡುತ್ತಿದ್ದರೆ ಮೊದಲು ಅಡ್ರಿನಲಿನ್, ಬಳಿಕ ಇನ್‌ಹೇಲರ್. ಮಗು ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವೊಮ್ಮೆ ಕೆಲವು ಗಂಟೆಗಳ ಬಳಿಕ ಅದೇ ಪ್ರತಿಕ್ರಿಯೆ ಮರುಕಳಿಸುತ್ತದೆ.

‘ತಪ್ಪಾಗಿ ಕೊಟ್ಟುಬಿಟ್ಟರೆ?’ ಶಿಕ್ಷಕರನ್ನು ಕಟ್ಟಿಹಾಕುವ ಭಯ ಇದೇ. ಅನಗತ್ಯವಾಗಿ ಕೊಟ್ಟರೆ ಮಗುವಿಗೆ ಸ್ವಲ್ಪ ಹೊತ್ತು ಎದೆ ಡವಗುಟ್ಟಬಹುದು, ಕೈ ನಡುಗಬಹುದು, ಮುಖ ಬಿಳಿಚಬಹುದು. ಬಳಿಕ ಅದು ಇಳಿಯುತ್ತದೆ. ಬೇಕಾದಾಗ ಕೊಡದಿದ್ದರೆ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ಅನುಮಾನ ಬಂದರೆ ಕೊಡಿ ಎಂಬುದೇ ತಜ್ಞರ ಸಲಹೆ. ಈ ಮಾತನ್ನು ವೈದ್ಯರ ಕೈಯಲ್ಲೇ ಹಾಳೆಯ ಮೇಲೆ ಬರೆಸಿದರೆ ಶಿಕ್ಷಕರಿಗೆ ಧೈರ್ಯ ಬರುತ್ತದೆ.

ಹೆಜ್ಜೆ 5: ಊಟದ ಹೊತ್ತು, ಊಟವಲ್ಲದ ಹೊತ್ತು

ಗಂಭೀರ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವಕ್ಕೆ ಕಾರಣವಾಗುವ ಪದಾರ್ಥಗಳು ಬೆರಳೆಣಿಕೆಯವು: ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿ ಅಕ್ರೋಟಿನಂಥ ಬೀಜಗಳು, ಗೋಧಿ, ಸೋಯಾ, ಮೀನು, ಸಿಗಡಿ ಏಡಿಗಳು, ಎಳ್ಳು. ಇವು ಬೇರೆ ಬೇರೆ ವೇಷದಲ್ಲಿ ಬರುತ್ತವೆ. ‘ಕೇಸಿನ್’, ‘ವೇ’ ಎಂದರೆ ಹಾಲಿನದೇ ಪ್ರೋಟೀನು. ಪೊಟ್ಟಣದ ಮೇಲಿನ ಪಟ್ಟಿಯನ್ನು ಪ್ರತಿ ಸಲವೂ ಓದಬೇಕು, ಏಕೆಂದರೆ ಕಂಪನಿಗಳು ಹೇಳದೆ ಕೇಳದೆ ಪಾಕ ಬದಲಿಸುತ್ತವೆ. ಅಡುಗೆಮನೆಯವರಿಗೆ ಇನ್ನೊಂದು ಮಾತು: ಸೌಟು, ಹಲಗೆ, ಕರಿಯುವ ಎಣ್ಣೆ ಇವುಗಳಿಂದಲೇ ಒಂದರ ಅಂಶ ಇನ್ನೊಂದಕ್ಕೆ ಸೇರುತ್ತದೆ. ಬಡಿಸಿದ ಮೇಲೆ ಗೋಡಂಬಿಯನ್ನು ಎತ್ತಿ ಪಕ್ಕಕ್ಕಿಟ್ಟರೆ ಆ ಊಟ ಸುರಕ್ಷಿತವಾಗುವುದಿಲ್ಲ.

ಕೈ ಶುದ್ಧಿಗೆ ಸೋಪು ನೀರು ಅಥವಾ ಒರೆಸುವ ಒದ್ದೆ ಹಾಳೆ ಬೇಕು. ಸ್ಯಾನಿಟೈಸರ್ ಕ್ರಿಮಿಗಳನ್ನು ಕೊಲ್ಲಬಹುದು, ಕಡಲೆಕಾಯಿಯ ಪ್ರೋಟೀನನ್ನು ತೆಗೆಯುವುದಿಲ್ಲ. ಊಟಕ್ಕೆ ಮೊದಲು ಮಗುವೂ, ಊಟದ ನಂತರ ಉಳಿದೆಲ್ಲ ಮಕ್ಕಳೂ ಕೈ ತೊಳೆಯುವ ರೂಢಿ ಬರಲಿ.

ಪಕ್ಕದಲ್ಲಿ ಕೂತವರು ಕಡಲೆಕಾಯಿ ತಿಂದರೆ ಅದರ ವಾಸನೆಯಿಂದಲೇ ಪ್ರಾಣಾಪಾಯವೆಂಬ ಭೀತಿ ವ್ಯಾಪಕವಾಗಿದೆ. ಅಂಥ ಗಂಭೀರ ಪ್ರತಿಕ್ರಿಯೆ ಬಲು ಅಪರೂಪ. ಮೀನು ಬೇಯುವಾಗಿನ ಹಬೆಯಂಥದು ಕೆಲವರಿಗೆ ತೊಂದರೆ ಕೊಡುವುದುಂಟು. ನಿಜವಾದ ಅಪಾಯ ಬಾಯಿಯೊಳಗೆ ಹೋದುದರಿಂದ. ಹಾಗಾಗಿ ಮಗುವನ್ನು ದೂರದ ಮೂಲೆಯಲ್ಲಿ ಒಂಟಿಯಾಗಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಒರೆಸಿದ ಮೇಜು, ತನ್ನದೇ ಡಬ್ಬಿ, ಅದೇ ಪದಾರ್ಥ ತಾರದ ಇಬ್ಬರು ಗೆಳೆಯರು ಪಕ್ಕದಲ್ಲಿದ್ದರೆ ಸಾಕು. ಶಾಲೆಗೆ ಶಾಲೆಯೇ ಒಂದು ಪದಾರ್ಥವನ್ನು ನಿಷೇಧಿಸುವುದಕ್ಕಿಂತ ‘ಯಾರೂ ಯಾರ ಊಟವನ್ನೂ ಹಂಚಿಕೊಳ್ಳುವುದಿಲ್ಲ’ ಎಂಬ ನಿಯಮ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ನಿಷೇಧವಿದೆ ಎಂದ ಕೂಡಲೇ ಎಲ್ಲರ ಎಚ್ಚರವೂ ಸಡಿಲವಾಗುತ್ತದೆ.

ಊಟದ ಕೋಣೆಯ ಮೇಲೆ ಎಲ್ಲರೂ ಕಣ್ಣಿಡುತ್ತಾರೆ. ತೊಂದರೆ ನುಸುಳುವುದು ಬೇರೆ ಕಡೆಯಿಂದ: ಹುಟ್ಟುಹಬ್ಬದ ಸಿಹಿ, ಚೆನ್ನಾಗಿ ಓದಿದವರಿಗೆ ಕೊಡುವ ಚಾಕೊಲೇಟು, ಕರಕುಶಲ ತರಗತಿಗೆ ತಂದ ಖಾಲಿ ಮೊಟ್ಟೆ ತಟ್ಟೆ, ಗೋಧಿ ಹಿಟ್ಟು ಸೇರಿದ ಆಟದ ಬಣ್ಣದ ಮಣ್ಣು, ಎಂಜಲಾದ ಪೀಪಿ. ತರಗತಿಯಲ್ಲಿ ಮಗುವಿಗೆಂದೇ ನೀವು ಕೊಟ್ಟ ತಿನಿಸಿನ ಡಬ್ಬಿ ಒಂದಿದ್ದರೆ, ಇತರರು ಏನನ್ನಾದರೂ ತಿನ್ನುವಾಗ ನಿಮ್ಮ ಮಗು ಬರಿಗೈಯಲ್ಲಿ ಕೂರಬೇಕಾಗುವುದಿಲ್ಲ.

ಶಾಲಾ ವಾಹನದಲ್ಲಿ ತಿನ್ನುವಂತಿಲ್ಲ. ಪ್ರವಾಸಕ್ಕೆ ಹೊರಟಾಗ ಚೀಲ ಮಗುವಿನ ಗುಂಪಿನ ಶಿಕ್ಷಕರ ಬಳಿಯೇ ಇರಬೇಕು, ಲಗೇಜಿನಲ್ಲಿ ಅಲ್ಲ. ತಂಗುವ ಜಾಗದ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಬೇಕು.

ಹೆಜ್ಜೆ 6: ಮಗುವಿಗೆ ಏನು ಹೇಳಿಕೊಡಬೇಕು

ಮೂರು ನಾಲ್ಕು ವರ್ಷದ ಮಗುವೂ ಮೂರು ಮಾತು ಕಲಿಯಬಲ್ಲದು: ‘ಬೇಡ, ನನಗೆ ಅಲರ್ಜಿ ಇದೆ’, ‘ಇದರಲ್ಲಿ ಏನಿದೆ?’, ‘ಟೀಚರ್, ನನಗೆ ಏನೋ ಆಗುತ್ತಿದೆ’. ಮೂರನೆಯದನ್ನು ಹೆಚ್ಚು ಅಭ್ಯಾಸ ಮಾಡಿಸಿ. ತಪ್ಪಿ ತಿಂದುಬಿಟ್ಟೆ, ಬೈಯುತ್ತಾರೆ ಎಂದು ಹೆದರಿ ಮಗು ಬಾಯಿಮುಚ್ಚಿ ಕೂತರೆ ಅದಕ್ಕಿಂತ ಅಪಾಯ ಬೇರೆಯಿಲ್ಲ. ತಿಂದದ್ದನ್ನು ಹೇಳಿದರೆ ಎಂದೂ ಬೈಯುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ.

ಮಗು ದೊಡ್ಡದಾದಂತೆ ಪಟ್ಟಿ ಓದುವುದು, ಚೀಲ ಹೊರುವುದು, ತಾನೇ ಚುಚ್ಚಿಕೊಳ್ಳುವುದು ಒಂದೊಂದಾಗಿ ಅದರ ಪಾಲಿಗೆ ಬರಲಿ. ಹದಿಹರೆಯದವರ ವಿಷಯದಲ್ಲಿ ಹೆಚ್ಚು ಕಾಳಜಿ ಬೇಕು. ಗೆಳೆಯರ ನಡುವೆ ಬೇರೆಯಾಗಿ ಕಾಣಬಾರದೆಂದು ಔಷಧಿಯನ್ನು ಮನೆಯಲ್ಲೇ ಬಿಟ್ಟು ಹೋಗುವ ವಯಸ್ಸು ಅದು. ಅವರಿಗೆ ಉಪದೇಶ ಹಿಡಿಸುವುದಿಲ್ಲ. ಅವರ ಆಪ್ತ ಗೆಳೆಯರಿಬ್ಬರಿಗೆ ಪೆನ್ನು ಬಳಸುವುದನ್ನು ಕಲಿಸಿ.

ಅಲರ್ಜಿ ಇರುವ ಮಗುವನ್ನು ಕೆಣಕಲು ಅದೇ ಪದಾರ್ಥವನ್ನು ಮುಖಕ್ಕೆ ಹಿಡಿಯುವ, ಡಬ್ಬಿಗೆ ಹಾಕುವ ಮಕ್ಕಳೂ ಇದ್ದಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕದೆ ಜೀವಕ್ಕೆ ಅಪಾಯ ತರುವ ಕೃತ್ಯವೆಂದೇ ಶಾಲೆ ನೋಡಬೇಕು. ಆದರೆ ಹೆಚ್ಚಿನ ಮಕ್ಕಳು ಕಾರಣ ತಿಳಿದರೆ ಕಾವಲಿಗೆ ನಿಲ್ಲುತ್ತಾರೆ. ನನ್ನ ಮಗಳ ತರಗತಿಯಲ್ಲಿ ಯಾರು ಸಿಹಿ ತಂದರೂ ‘ಗೋಡಂಬಿ ಇದೆಯಾ?’ ಎಂದು ಮೊದಲು ಕೇಳುವವನು ಅವಳ ಪಕ್ಕದ ಬೆಂಚಿನ ಹುಡುಗ.

ಹೆಜ್ಜೆ 7: ಅಣಕು ಕಾರ್ಯಾಚರಣೆ ಮಾಡಿಸಿ

ಪ್ರತಿ ಶೈಕ್ಷಣಿಕ ವರ್ಷದ ಮೊದಲ ವಾರ ಮೂರು ಸಂಗತಿ ಪರಿಶೀಲಿಸಿ: ಔಷಧಿಯ ಅವಧಿ, ಮಗುವಿನ ತೂಕಕ್ಕೆ ಡೋಸ್ ಹೊಂದುತ್ತದೆಯೇ, ಕಲಿತ ಸಿಬ್ಬಂದಿ ಶಾಲೆಯಲ್ಲೇ ಇದ್ದಾರೆಯೇ. ಹಾಲು, ಮೊಟ್ಟೆಯ ಅಲರ್ಜಿಯನ್ನು ಬಹಳಷ್ಟು ಮಕ್ಕಳು ಬೆಳೆಯುತ್ತಾ ಮೀರುತ್ತಾರೆ. ಆದ್ದರಿಂದ ವೈದ್ಯರ ಮರುಪರೀಕ್ಷೆಯನ್ನೂ ತಪ್ಪಿಸಬೇಡಿ.

ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಶಾಲೆಗಳು ಅಣಕು ಕಾರ್ಯಾಚರಣೆ ನಡೆಸುತ್ತವೆ. ಇದಕ್ಕೂ ಹಾಗೆಯೇ ನಡೆಸಲು ಕೇಳಿ. ಮೈದಾನದ ತುದಿಯಲ್ಲಿ ಒಬ್ಬರು ನಿಂತು ‘ಮಗುವಿಗೆ ಉಸಿರಾಡಲು ಆಗುತ್ತಿಲ್ಲ’ ಎಂದು ಕೂಗಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಚೀಲ ಬರುವುದು, ಅಭ್ಯಾಸದ ಪೆನ್ನು ತೊಡೆಗೆ ಒತ್ತುವುದು, ಆಂಬುಲೆನ್ಸ್‌ಗೆ ಯಾರು ಫೋನ್ ಮಾಡುತ್ತಾರೆ, ಗೇಟಿನ ಬಳಿ ಯಾರು ನಿಲ್ಲುತ್ತಾರೆ, ಉಳಿದ ಮಕ್ಕಳನ್ನು ಯಾರು ಒಳಗೆ ಕರೆದೊಯ್ಯುತ್ತಾರೆ, ಎಲ್ಲವೂ ಅದರಲ್ಲಿ ಇರಲಿ.

ನಮ್ಮ ಶಾಲೆಯಲ್ಲಿ ಮೊದಲ ಸಲ ಮಾಡಿದಾಗ ಚೀಲ ಮೈದಾನ ತಲುಪಲು 6 ನಿಮಿಷ ಹಿಡಿಯಿತು. ಯಾರೂ ಮಾತಾಡಲಿಲ್ಲ. ಮರುದಿನ ಕಚೇರಿಯ ಗುಮಾಸ್ತರೇ ಸುತ್ತಿಗೆ ಹಿಡಿದು ತರಗತಿಯ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ಕೆಂಪು ಚೀಲವನ್ನು ಅಲ್ಲಿ ನೇತುಹಾಕಿದರು. ಮುಂದಿನ ವಾರ ಮತ್ತೆ ಮಾಡಿದೆವು. ಅಂದು ಓಡಿ ಬಂದವರು ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿದ್ದ ಹೊಸ ಟೀಚರ್. ಗಡಿಯಾರ 50 ಸೆಕೆಂಡು ತೋರಿಸುತ್ತಿತ್ತು.